ಗ್ಯಾಸ್ ಸಬ್ಸಿಡಿ, ಕ್ಯಾಶ್‌ಬ್ಯಾಕ್, ಹಬ್ಬದ ಚೀಟಿ: ವಾಪಸ್ ಬರಬೇಕಾದ ದುಡ್ಡಿನ ಲೆಕ್ಕ ಇಡೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ತುಮಕೂರು: ಸಿಲಿಂಡರ್ ಮನೆ ಬಾಗಿಲಿಗೆ ಬಂದ ದಿನ ಪೂರ್ತಿ ದುಡ್ಡು ಎಣಿಸಿ ಕೊಡ್ತೀವಿ. ಸಬ್ಸಿಡಿ ಆಮೇಲೆ ಅಕೌಂಟಿಗೆ ಬೀಳುತ್ತೆ ಅಂತಾರೆ. ಫ್ರಿಜ್ ತಗೊಂಡ್ರೆ ಕ್ಯಾಶ್‌ಬ್ಯಾಕ್ ಮೂರು ತಿಂಗಳಿಗೆ ಬರುತ್ತೆ ಅಂತಾರೆ. ಹಬ್ಬದ ಚೀಟಿಗೆ ವರ್ಷವಿಡೀ ಕಟ್ತೀವಿ, ದೀಪಾವಳಿಗೆ ಸಾಮಾನು ಕೊಡ್ತೀವಿ ಅಂತಾರೆ. ಇವೆಲ್ಲವೂ ಬಂತಾ, ಎಷ್ಟು ಬಂತು, ಯಾವ ಅಕೌಂಟಿಗೆ ಬಂತು ಅಂತ ಕೇಳಿದರೆ ಎಷ್ಟೋ ಮನೆಗಳಲ್ಲಿ ಉತ್ತರ ಇಲ್ಲ.

ಕೊಟ್ಟ ದುಡ್ಡು ಎಲ್ಲರಿಗೂ ನೆನಪಿರುತ್ತೆ. ವಾಪಸ್ ಬರಬೇಕಾದ್ದು ಮರೆತು ಹೋಗುತ್ತೆ. ಈ ಮರೆವಿನ ಮೇಲೇ ನಿಂತಿರುವ ವ್ಯಾಪಾರವೂ ಇದೆ. ಅಮೆರಿಕದಲ್ಲಿ ಇದನ್ನು ‘ಮೇಲ್-ಇನ್ ರಿಬೇಟ್’ ಅಂತ ಕರೆಯುತ್ತಾರೆ. ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಪ್ರಿಂಟರ್ ಕೊಳ್ಳಬೇಕು, ಡಬ್ಬದ ಮೇಲಿನ ಬಾರ್‌ಕೋಡ್ ಕತ್ತರಿಸಬೇಕು, ಬಿಲ್ ಸಮೇತ ಫಾರಂ ತುಂಬಿ ಗಡುವಿನೊಳಗೆ ಅಂಚೆಗೆ ಹಾಕಬೇಕು. ವಾರಗಟ್ಟಲೆ ಆದಮೇಲೆ ಚೆಕ್ ಬರುತ್ತೆ. ಒಂದಷ್ಟು ಜನ ಫಾರಂ ಕಳಿಸೋದೇ ಇಲ್ಲ ಅನ್ನೋದು ಕಂಪನಿಗಳಿಗೆ ಮೊದಲೇ ಗೊತ್ತು. ಹಾಗೆ ಉಳಿದುಹೋಗುವ ದುಡ್ಡಿಗೆ ಅಲ್ಲಿ ‘ಬ್ರೇಕೇಜ್’ ಅನ್ನೋ ಹೆಸರೇ ಇದೆ. ನಮ್ಮಲ್ಲಿ ಅಂಚೆ ಇಲ್ಲ, ಆಧಾರ್, ಆ್ಯಪ್, ಓಟಿಪಿ ಇದೆ ಅಷ್ಟೇ. 1999ರಲ್ಲಿ ವಿಶ್ವಕಪ್‌ಗೆ ಕಳಿಸ್ತೀವಿ ಅಂತ ಬ್ರಿಟಾನಿಯಾದವರು ಮಾಡಿದ್ದ ಆಫರ್‌ಗೆ ಬಿಸ್ಕತ್ ಪ್ಯಾಕೆಟ್ಟಿನ ಕವರ್ ಕೂಡಿಟ್ಟವರು ಈಗಲೂ ಇದ್ದಾರೆ. ಅವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಗ್ಯಾಸ್ ಸಬ್ಸಿಡಿ

ಈ ‘ಮೊದಲು ಕೊಡು, ಆಮೇಲೆ ತಗೋ’ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ. ಗ್ಯಾಸ್ ಸಬ್ಸಿಡಿಯನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ ಯೋಜನೆಗೆ 2013ರಲ್ಲಿ ದೇಶದಲ್ಲೇ ಮೊದಲ ಹಂತಕ್ಕೆ ಆರಿಸಿದ್ದ ಜಿಲ್ಲೆಗಳಲ್ಲಿ ತುಮಕೂರೂ ಒಂದು. ಅದು ನಡುವೆ ನಿಂತಿತು. 2014ರ ನವೆಂಬರ್ 15ರಂದು ‘ಪಹಲ್’ ಹೆಸರಲ್ಲಿ ಮತ್ತೆ ಶುರುವಾಗಿ, 2015ರ ಜನವರಿ 1ರಿಂದ ಇಡೀ ದೇಶಕ್ಕೆ ಬಂತು.

2020ರ ಮಧ್ಯದಿಂದ ಸಾಮಾನ್ಯ ಗ್ರಾಹಕರ ಖಾತೆಗೆ ಸಬ್ಸಿಡಿ ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಈಗ ಮುಖ್ಯವಾಗಿ ಸಿಗುತ್ತಿರುವುದು ಉಜ್ವಲಾ ಕನೆಕ್ಷನ್ ಇರುವವರಿಗೆ. 2022ರ ಮೇನಲ್ಲಿ 14.2 ಕೆ.ಜಿ. ಸಿಲಿಂಡರಿಗೆ 200 ರೂ. ಅಂತ ಶುರುವಾಗಿದ್ದು, 2023ರ ಅಕ್ಟೋಬರ್‌ನಲ್ಲಿ 300 ರೂ. ಆಯಿತು. ಮೊದಲು ವರ್ಷಕ್ಕೆ 12 ರೀಫಿಲ್‌ಗೆ ಕೊಡುತ್ತಿದ್ದರು, 2025-26ನೇ ಸಾಲಿಗೆ ಅದನ್ನು 9ಕ್ಕೆ ಇಳಿಸಲಾಗಿದೆ. ಅಂದರೆ 9 ಸಿಲಿಂಡರ್ ಪೂರ್ತಿ ಬಳಸುವ ಮನೆಗೆ ವರ್ಷಕ್ಕೆ 2,700 ರೂ. ವಾಪಸ್ ಬರಬೇಕು. ಕೂಲಿ ಮಾಡಿ ಬದುಕುವ ಮನೆಗೆ ಇದು ಸಣ್ಣ ದುಡ್ಡಲ್ಲ.

ತೊಂದರೆ ಆಗುವುದು ‘ಯಾವ ಅಕೌಂಟ್’ ಅನ್ನೋ ಕಡೆ. ಒಂದೇ ಮನೆಯ ಹೆಂಗಸಿನ ಹೆಸರಲ್ಲಿ ಜನಧನ್ ಖಾತೆ ಒಂದು ಬ್ಯಾಂಕಲ್ಲಿ, ಸಂಘದ ಸಾಲಕ್ಕೆ ಮಾಡಿಸಿದ ಖಾತೆ ಇನ್ನೊಂದು ಬ್ಯಾಂಕಲ್ಲಿ, ಸಿಮ್ ತಗೊಳ್ಳುವಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ಮತ್ತೊಂದು. ಆಧಾರ್ ಮೂಲಕ ಹಾಕುವ ಸರ್ಕಾರಿ ದುಡ್ಡು ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ ಹೋಗುತ್ತೆ. ಕೊನೆಗೆ ಯಾವ ಬ್ಯಾಂಕಿಗೆ ಆಧಾರ್ ಜೋಡಿಸಲು ಒಪ್ಪಿಗೆ ಕೊಟ್ಟಿರುತ್ತೇವೋ ಆ ಬ್ಯಾಂಕಿಗೆ. ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸಿ ‘ಬಂದಿಲ್ಲ’ ಅಂತ ಗ್ಯಾಸ್ ಏಜೆನ್ಸಿ ಮುಂದೆ ಜಗಳ ಆಡುವವರಲ್ಲಿ ಕೆಲವರ ದುಡ್ಡು ನಿಜವಾಗಿ ಬಂದಿರುತ್ತೆ, ಬೇರೆ ಖಾತೆಯಲ್ಲಿ ಕೂತಿರುತ್ತೆ. 2017ರಲ್ಲಿ ದೊಡ್ಡ ಮೊಬೈಲ್ ಕಂಪನಿಯೊಂದರ ಪೇಮೆಂಟ್ಸ್ ಬ್ಯಾಂಕಿಗೆ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಅವರಿಗೇ ಗೊತ್ತಿಲ್ಲದೆ ಹೋಗಿತ್ತು. ಆಧಾರ್ ಪ್ರಾಧಿಕಾರ ಆ ಕಂಪನಿಯ ಇ-ಕೆವೈಸಿ ಪರವಾನಗಿಯನ್ನೇ ಅಮಾನತು ಮಾಡಬೇಕಾಯಿತು.

ನೋಡಿಕೊಳ್ಳೋದು ಕಷ್ಟ ಇಲ್ಲ. ಮೈಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಅಂತ ಇದೆ. ಆಧಾರ್ ನಂಬರ್, ಮೊಬೈಲಿಗೆ ಬಂದ ಓಟಿಪಿ ಹಾಕಿದರೆ ಈಗ ಯಾವ ಬ್ಯಾಂಕ್ ಜೋಡಣೆ ಆಗಿದೆ ಅಂತ ತೋರಿಸುತ್ತೆ. ಅದು ಬೇಡದ ಬ್ಯಾಂಕ್ ಆಗಿದ್ದರೆ, ಬೇಕಾದ ಬ್ಯಾಂಕಿಗೇ ಹೋಗಿ ಆಧಾರ್ ಸೀಡಿಂಗ್ ಫಾರಂ ಕೊಡಬೇಕು. ಗೃಹಲಕ್ಷ್ಮಿಯ 2,000 ರೂ. ಬರುವುದೂ ಇದೇ ದಾರಿಯಲ್ಲಿ. ಹಾಗಾಗಿ ಬದಲಾಯಿಸಿದರೆ ಅದೂ ಹೊಸ ಬ್ಯಾಂಕಿಗೆ ಬರುತ್ತೆ ಅನ್ನೋದು ನೆನಪಿರಲಿ. ರಾಜ್ಯದ ಯೋಜನೆಗಳ ದುಡ್ಡು ಎಲ್ಲಿಗೆ, ಯಾವತ್ತು ಹೋಯಿತು ಅಂತ ‘ಡಿಬಿಟಿ ಕರ್ನಾಟಕ’ ಆ್ಯಪಲ್ಲಿ ಕಾಣುತ್ತೆ.

ಇ-ಕೆವೈಸಿ ಬಾಕಿ ಇದೆಯಾ ಅಂತ ಏಜೆನ್ಸಿಯಲ್ಲಿ ಒಂದು ಸಲ ಕೇಳಿ. ಗ್ಯಾಸ್ ಪುಸ್ತಕದಲ್ಲಿರುವ 17 ಅಂಕಿಯ ಎಲ್‌ಪಿಜಿ ಐಡಿ ಬರೆದಿಟ್ಟುಕೊಳ್ಳಿ. ಸಬ್ಸಿಡಿ ದೂರಿಗೆ ಟೋಲ್ ಫ್ರೀ ನಂಬರ್ 1800 2333 555.

ಇನ್ನೊಂದು ವಿಷಯ. ಸಿಲಿಂಡರ್ ಬಿಲ್ಲಿನ ಬೆಲೆಯಲ್ಲೇ ಮನೆಗೆ ತಲುಪಿಸುವ ಖರ್ಚು ಸೇರಿರುತ್ತೆ. ಅದರ ಮೇಲೆ ಮೂವತ್ತು, ಐವತ್ತು ಕೇಳಿದರೆ ಕೊಡಬೇಕಾದ್ದಿಲ್ಲ. ನೀವೇ ಗೋಡೌನಿಗೆ ಹೋಗಿ ತಂದುಕೊಂಡರೆ ಆ ಡೆಲಿವರಿ ಖರ್ಚನ್ನು ಕಳೆದು ಬಿಲ್ ಮಾಡಬೇಕು. ಇದೂ ಒಂದು ರಿಯಾಯಿತಿಯೇ, ಕೇಳಿದವರಿಗೆ ಮಾತ್ರ ಸಿಗೋದು. ಡೆಲಿವರಿಗೆ ಬಂದವರ ಹತ್ತಿರ ತೂಕದ ಯಂತ್ರ ಇರಬೇಕು. ಸಿಲಿಂಡರಿನ ಮೇಲೆ ಖಾಲಿ ತೂಕ ಬರೆದಿರುತ್ತೆ, ಅದಕ್ಕೆ 14.2 ಕೂಡಿಸಿದರೆ ಲೆಕ್ಕ ಸಿಗುತ್ತೆ.

ಬಿಲ್ಲಿನಲ್ಲಿ ಕಾಣೋ ‘ಉಳಿತಾಯ’ ನಂಬಬಹುದಾ?

ಮಾರ್ಟ್‌ಗಳಲ್ಲಿ ಬಿಲ್ ಕೊನೆಗೆ ‘ಇಂದು ನೀವು ಇಷ್ಟು ಉಳಿಸಿದ್ದೀರಿ’ ಅಂತ ಪ್ರಿಂಟ್ ಆಗಿ ಬರುತ್ತೆ. ಅದು ಎಂಆರ್‌ಪಿ ಮತ್ತು ಅವರ ಬೆಲೆಯ ನಡುವಿನ ವ್ಯತ್ಯಾಸ. ಆದರೆ ಎಂಆರ್‌ಪಿಗೆ ಯಾರು ಕೊಳ್ತಾರೆ? ಉದಾಹರಣೆಗೆ, 180 ರೂ. ಎಂಆರ್‌ಪಿ ಇರೋ ಎಣ್ಣೆ ಪ್ಯಾಕೆಟ್ ಮನೆ ಹತ್ತಿರದ ದಿನಸಿ ಅಂಗಡಿಯಲ್ಲೇ 150ಕ್ಕೆ ಸಿಗುತ್ತೆ ಅಂತಿಟ್ಟುಕೊಳ್ಳಿ. ಮಾರ್ಟ್‌ನಲ್ಲಿ 148. ಬಿಲ್ಲಲ್ಲಿ ಉಳಿತಾಯ 32 ರೂ., ನಿಜವಾದ ಉಳಿತಾಯ 2 ರೂ. ಅಲ್ಲಿಗೆ ಹೋಗಿ ಬರುವ ಆಟೋ ಚಾರ್ಜು ಬೇರೆ.

ಆದ್ದರಿಂದ ಲೆಕ್ಕ ಬರೆಯುವಾಗ ಎಂಆರ್‌ಪಿ ಬಿಟ್ಟುಬಿಡಿ. ನೀವು ಯಾವಾಗಲೂ ಕೊಳ್ಳುವ ಅಂಗಡಿಯ ಬೆಲೆ ಒಂದು ಪುಟದಲ್ಲಿ ಬರೆದಿಡಿ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಸೋಪು, ಕಾಫಿಪುಡಿ ಹೀಗೆ ಹದಿನೈದು ಐಟಂ ಇದ್ದರೆ ಸಾಕು. ಮಂಡಿಪೇಟೆಯಲ್ಲಿ ಮೂಟೆ ಲೆಕ್ಕದಲ್ಲಿ ತರುವವರು ಮೂಟೆ ರೇಟನ್ನು ಕೆ.ಜಿ.ಗೆ ಭಾಗಿಸಿ ಬರೆಯಲಿ. ಉಳಿತಾಯ ಅಂದರೆ ಆ ಪುಟದ ಬೆಲೆಗಿಂತ ಎಷ್ಟು ಕಡಿಮೆ ಕೊಟ್ಟಿರಿ ಅನ್ನೋದು.

ತೂಕದಲ್ಲೂ ಆಟ ಇದೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ. ಪಕ್ಕದಲ್ಲೇ ಅದೇ ಸೈಜಿನ ಕವರಲ್ಲಿ 850 ಗ್ರಾಂ ಇರುತ್ತೆ. 910 ಗ್ರಾಂಗೆ 150 ರೂ., 850 ಗ್ರಾಂಗೆ 145 ರೂ. ಅಂದರೆ ಎರಡನೆಯದೇ ಅಗ್ಗ ಅನ್ನಿಸುತ್ತೆ. ಲೆಕ್ಕ ಹಾಕಿದರೆ ಆ ದರದಲ್ಲಿ 910 ಗ್ರಾಂಗೆ 155 ರೂ. ಬೀಳುತ್ತೆ. 5 ರೂ. ಕಡಿಮೆ ಅಂತ ಕಂಡಿದ್ದು ಅಸಲಿಗೆ 5 ರೂ. ಜಾಸ್ತಿ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆ ಗ್ರಾಂಗೆ ಅಥವಾ ಕೆ.ಜಿ.ಗೆ ಎಷ್ಟು ಅನ್ನೋ ದರವನ್ನೂ ಹಾಕಬೇಕು ಅನ್ನೋ ನಿಯಮ ಬಂದಿದೆ. ಸಣ್ಣ ಅಕ್ಷರದಲ್ಲಿರುತ್ತೆ, ಹುಡುಕಿ ನೋಡಬೇಕು.

ಉಳಿತಾಯ ಎಷ್ಟು ದಿನ ಉಳಿಯುತ್ತೆ ಅನ್ನೋದಕ್ಕೆ ನಂದಿನಿ ತುಪ್ಪ ಒಳ್ಳೇ ಉದಾಹರಣೆ. 2025ರ ಸೆಪ್ಟೆಂಬರ್ 22ರಿಂದ ತುಪ್ಪದ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಲೀಟರಿಗೆ 650 ರೂ. ಇದ್ದ ತುಪ್ಪ 610 ಆಯಿತು. ನವೆಂಬರ್ ಮೊದಲ ವಾರ 700 ಆಯಿತು. ದರ ಬರೆದಿಡೋ ಮನೆಯವರಿಗೆ ಮಾತ್ರ ಇದು ಕಾಣೋದು. ಅದೇ ದಿನ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚೋ ಎಣ್ಣೆಗಳ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಬಂತು. ಲೆಕ್ಕದ ಪ್ರಕಾರ 100 ರೂ. ಇದ್ದ ವಸ್ತು ಸುಮಾರು 89 ರೂ. ಆಗಬೇಕು. ನಿಮ್ಮ ಪುಟದಲ್ಲಿ ಹಳೇ ಬೆಲೆ ಇದ್ದರೆ ಇಳಿದಿದೆಯೋ ಇಲ್ಲವೋ ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ.

ಕ್ಯಾಶ್‌ಬ್ಯಾಕ್, ಪಾಯಿಂಟ್ಸ್, ನೋ ಕಾಸ್ಟ್ ಇಎಂಐ

ಟಿವಿ, ಫ್ರಿಜ್, ಎಸಿ, ಮೊಬೈಲ್ ಅಂಗಡಿಗಳಲ್ಲಿ ಕ್ಯಾಶ್‌ಬ್ಯಾಕ್ ಅಂತ ಹೇಳೋದು ಹೆಚ್ಚಾಗಿ ಬಾಯಿಮಾತಲ್ಲಿ. ಶರತ್ತುಗಳು ಬೇರೆ ಕಡೆ ಇರುತ್ತವೆ: ಕನಿಷ್ಠ ಇಷ್ಟು ಸಾವಿರದ ಖರೀದಿ ಆಗಬೇಕು, ಇಂಥದ್ದೇ ಬ್ಯಾಂಕಿನ ಕಾರ್ಡ್ ಆಗಬೇಕು, ಕಾರ್ಡಿಗೆ ಒಂದೇ ಸಲ, ಇಷ್ಟು ದಿನದೊಳಗೆ ಸೀರಿಯಲ್ ನಂಬರ್ ನೋಂದಾಯಿಸಬೇಕು, ದುಡ್ಡು ಬರುವುದು 90 ಅಥವಾ 120 ದಿನಕ್ಕೆ. ಅಂಗಡಿಯವರು ತಮ್ಮ ಕಾರ್ಡನ್ನೇ ಉಜ್ಜಿ ನಿಮ್ಮಿಂದ ನಗದು ತಗೊಂಡರೆ ಕ್ಯಾಶ್‌ಬ್ಯಾಕ್ ಬೀಳೋದು ಅವರ ಖಾತೆಗೆ, ನಿಮಗಲ್ಲ.

ಆಫರ್ ಪೋಸ್ಟರಿನ ಫೋಟೋ ತೆಗೆದಿಡಿ. ಬಿಲ್ ಮೇಲೆ ‘ಕ್ಯಾಶ್‌ಬ್ಯಾಕ್ ಇಷ್ಟು, ಇಂಥ ದಿನದೊಳಗೆ’ ಅಂತ ಬರೆಸಿ ಸೀಲ್ ಹಾಕಿಸಿ. ಬರೆಯಲ್ಲ ಅಂದರೆ ಆ ಕ್ಯಾಶ್‌ಬ್ಯಾಕ್ ಇಲ್ಲ ಅಂತಲೇ ತಿಳಿದು ಬೆಲೆ ಮಾತಾಡಿ. ಅದೇ ಹೊತ್ತಲ್ಲಿ ಕೌಂಟರಲ್ಲೇ 500 ರೂ. ಕಡಿಮೆ ಮಾಡಿಸಿಕೊಳ್ಳೋದು ನಾಲ್ಕು ತಿಂಗಳ ನಂತರದ ಸಾವಿರಕ್ಕಿಂತ ಎಷ್ಟೋ ಮೇಲು.

ನೋ ಕಾಸ್ಟ್ ಇಎಂಐ ವಿಷಯ ಸ್ವಲ್ಪ ಬಿಡಿಸಿ ನೋಡಬೇಕು. ಕ್ರೆಡಿಟ್ ಕಾರ್ಡಿಗೆ ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಲ್ಲಿ ಮುಚ್ಚಿರುತ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. 18,000 ರೂ. ಮೊಬೈಲ್, ತಿಂಗಳಿಗೆ 3,000ದಂತೆ 6 ಕಂತು ಅಂದುಕೊಳ್ಳಿ. ವರ್ಷಕ್ಕೆ ಶೇ. 15ರ ಬಡ್ಡಿಯಾದರೆ ಸುಮಾರು 762 ರೂ. ಬಡ್ಡಿ ಇದರೊಳಗೇ ಇದೆ. ಅಷ್ಟನ್ನು ಮೊದಲೇ ಡಿಸ್ಕೌಂಟ್ ಅಂತ ಕಳೆದು ಸರಿಮಾಡಿರುತ್ತಾರೆ. ಆದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಸುಮಾರು 137 ರೂ., ನಿಮ್ಮ ತಲೆಗೆ. ಪ್ರೊಸೆಸಿಂಗ್ ಫೀ 199 ರೂ. ಇದ್ದರೆ ತೆರಿಗೆ ಸೇರಿ 235. ಒಟ್ಟು 372 ರೂ. ಆಯಿತು. ನಗದು ಕೊಟ್ಟಿದ್ದರೆ ಸಾವಿರ ಕಡಿಮೆ ಮಾಡ್ತಿದ್ದರು ಅಂದರೆ ಅದೂ ಹೋಯಿತು. ಕೈಯಲ್ಲಿ ದುಡ್ಡಿಲ್ಲದವರಿಗೆ ಕಂತು ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಪುಸ್ತಕದಲ್ಲಿ ಅದನ್ನು ಖರ್ಚು ಅಂತ ಬರೆಯಬೇಕು, ಉಳಿತಾಯ ಅಂತಲ್ಲ.

ಪಾಯಿಂಟ್ಸ್, ಕಾಯಿನ್ಸ್, ಸ್ಕ್ರಾಚ್ ಕಾರ್ಡ್ ಇವುಗಳನ್ನು ರೂಪಾಯಿ ಅಂತ ಎಣಿಸಲೇಬೇಡಿ. ಬಳಸಿ ಬಿಲ್ ಕಡಿಮೆಯಾದ ದಿನ ಮಾತ್ರ ಎಣಿಸಿ.

ಹಬ್ಬದ ಚೀಟಿ, ಚಿನ್ನದ ಸ್ಕೀಮ್

ದೀಪಾವಳಿ ಚೀಟಿ, ಯುಗಾದಿ ಚೀಟಿ ಅಂತ ಓಣಿ ಓಣಿಯಲ್ಲಿ ನಡೆಯುತ್ತೆ. ತಿಂಗಳಿಗೆ 500ರಂತೆ 12 ತಿಂಗಳು ಅಂದರೆ 6,000 ರೂ. ಹಬ್ಬಕ್ಕೆ ಎಣ್ಣೆ, ಬೇಳೆ, ಸಕ್ಕರೆ, ಪಾತ್ರೆ, ಪಟಾಕಿ ಸೇರಿ ‘8,000 ರೂ. ಬೆಲೆಯ ಸಾಮಾನು’ ಅಂತಾರೆ. ಪಟ್ಟಿ ತಗೊಂಡು ಪ್ರತಿ ಐಟಂ ಮುಂದೆ ನಿಮ್ಮ ಬೆಲೆ ಪುಟದ ರೇಟ್ ಬರೆದು ಕೂಡಿಸಿ ನೋಡಿ. 6,000 ದಾಟದಿದ್ದರೆ ಅದು ಉಳಿತಾಯ ಅಲ್ಲ, ಬಡ್ಡಿಯಿಲ್ಲದೆ ಅವರಿಗೆ ಕೊಟ್ಟ ಸಾಲ. ಬ್ರ್ಯಾಂಡ್ ಹೆಸರು, ತೂಕ ಇಲ್ಲದ ಪಟ್ಟಿಗೆ ಬೆಲೆ ಇಲ್ಲ.

ಇದರಲ್ಲಿ ನಿಜವಾದ ಭಯ ಬೇರೆ. ಚೀಟಿ ನಡೆಸುವವರು ಹಬ್ಬಕ್ಕೆ ಮುಂಚೆ ಮನೆಗೆ ಬೀಗ ಹಾಕಿ ಹೋದರೆ ಕೈಯಲ್ಲಿ ಏನಿರುತ್ತೆ? ಸಹಿ ಇಲ್ಲದ ಒಂದು ಕಾರ್ಡು. ಕಂತು ಕಟ್ಟಿದಾಗಲೆಲ್ಲ ಸಹಿ ಮಾಡಿಸಿಕೊಳ್ಳಿ, ಆಗುವುದಾದರೆ ಯುಪಿಐನಲ್ಲೇ ಕಳಿಸಿ, ಅದೇ ಸಾಕ್ಷಿ. ದುಡ್ಡಿನ ಚೀಟಿ ನಡೆಸುವವರು 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಿರಬೇಕು. ಜಿಲ್ಲೆಯಲ್ಲಿ ಸಹಕಾರ ಸಂಘಗಳ ಉಪ ನಿಬಂಧಕರ ಕಚೇರಿಯಲ್ಲಿ ವಿಚಾರಿಸಬಹುದು. ಠೇವಣಿ ತಗೊಂಡು ಮೋಸ ಮಾಡಿದವರ ಮೇಲೆ 2004ರ ರಾಜ್ಯದ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಮತ್ತು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಎರಡೂ ಇವೆ. ದೂರು ಕೊಡುವಾಗ ಪೊಲೀಸರು ಮೊದಲು ಕೇಳೋದು ರಶೀದಿ.

ಚಿನ್ನದ ಅಂಗಡಿಯ ಸ್ಕೀಮ್ 11 ತಿಂಗಳು ಅಂತ ಇರೋದಕ್ಕೂ ಕಾರಣ ಇದೆ. ಒಂದು ವರ್ಷ ದಾಟಿದರೆ ಅಂಗಡಿಯವರಿಗೆ ಅದು ಠೇವಣಿ ಲೆಕ್ಕಕ್ಕೆ ಬರುತ್ತೆ. 12ನೇ ಕಂತು ನಮ್ಮದು ಅಂತ ಅವರು ಹೇಳಿದಾಗ ವೇಸ್ಟೇಜ್, ಮೇಕಿಂಗ್ ಚಾರ್ಜ್ ಎಷ್ಟು ಹಾಕ್ತಾರೆ ಅಂತ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಕೊಟ್ಟಿದ್ದು ಅಲ್ಲಿ ಹೋಗಬಾರದು.

ಪುಸ್ತಕ ಹೇಗಿರಬೇಕು

ದುಬಾರಿ ಆ್ಯಪ್ ಏನೂ ಬೇಡ. ಹಾಲಿನ ಲೆಕ್ಕವನ್ನು ಗೋಡೆ ಕ್ಯಾಲೆಂಡರಿನ ಮೇಲೆ ಗುರುತು ಹಾಕುವ ಮನೆಗಳು, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವ ಹೆಣ್ಣುಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದೇ ಕೆಲಸ. ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಅಡ್ಡ ಗೆರೆ ಎಳೆದು ಬರೆಯಬೇಕಾದ್ದು: ತಾರೀಕು, ಏನು ಕೊಂಡಿದ್ದು, ಕೊಟ್ಟಿದ್ದೆಷ್ಟು, ವಾಪಸ್ ಬರಬೇಕಾದ್ದೆಷ್ಟು, ಯಾವ ದಿನದೊಳಗೆ, ಯಾವ ಅಕೌಂಟಿಗೆ. ಕೊನೆಯ ಕಲಂ ಖಾಲಿ ಬಿಡಿ. ದುಡ್ಡು ಬಂದ ದಿನ ಅಲ್ಲಿ ತಾರೀಕು ಹಾಕಿ. ಖಾಲಿ ಉಳಿದಿರುವ ಸಾಲುಗಳೇ ನೀವು ಬೆನ್ನು ಹತ್ತಬೇಕಾದ ದುಡ್ಡು. ‘ಬರಬೇಕು’ ಅನ್ನೋದನ್ನೂ ‘ಬಂತು’ ಅನ್ನೋದನ್ನೂ ಕೂಡಿಸಿ ಒಂದೇ ಮೊತ್ತ ಮಾಡಬೇಡಿ. ಇಲ್ಲೇ ಎಲ್ಲರೂ ಎಡವೋದು.

ಗಡುವಿನ ದಿನವನ್ನು ಮೊಬೈಲ್ ರಿಮೈಂಡರಿನಲ್ಲೂ ಹಾಕಿ, ಒಂದು ವಾರ ಮುಂಚೆಗೆ. ಬಿಲ್ಲುಗಳ ವಿಷಯದಲ್ಲಿ ಹುಷಾರು: ಈಗಿನ ಮೆಷಿನ್ ಬಿಲ್ಲಿನ ಕಾಗದ ಕೆಲವೇ ತಿಂಗಳಲ್ಲಿ ಬೆಳ್ಳಗಾಗಿಬಿಡುತ್ತೆ. ಬಂದ ದಿನವೇ ಫೋಟೋ ತೆಗೆದು ನಿಮ್ಮದೇ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿಕೊಳ್ಳಿ. ವಾರಂಟಿ ಕಾರ್ಡನ್ನು ಬಿಲ್ ಜೊತೆ ಪಿನ್ ಹೊಡೆದು ಇಡಿ.

ಬರದಿದ್ದರೆ ಎಲ್ಲಿಗೆ ಹೋಗಬೇಕು

ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ದುಡ್ಡು ನಿಮ್ಮ ಖಾತೆಯಿಂದ ಕಟ್ ಆಗಿ ಅವರಿಗೆ ತಲುಪದಿದ್ದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಮಾಡಿದ ಪೇಮೆಂಟ್ ಆದರೆ 5 ದಿನದೊಳಗೆ. ತಡವಾದರೆ ದಿನಕ್ಕೆ 100 ರೂ. ಪರಿಹಾರ ಅಂತ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಹೇಳುತ್ತೆ. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು 30 ದಿನ ಕಳೆದರೂ ಆಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448.

ಕ್ಯಾಶ್‌ಬ್ಯಾಕ್, ಗಿಫ್ಟ್, ಎಕ್ಸ್‌ಚೇಂಜ್ ಆಫರ್ ಹೇಳಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವಾಟ್ಸ್‌ಆ್ಯಪ್ ನಂಬರ್ 8800001915. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ಆದರೆ ಅದು ಕೋರ್ಟ್ ಅಲ್ಲ, ಆದೇಶ ಮಾಡುವ ಅಧಿಕಾರ ಇಲ್ಲ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಡುವ ಉದ್ದೇಶವೇ ಇಲ್ಲದೆ ಉಡುಗೊರೆ, ಬಹುಮಾನದ ಆಫರ್ ಹಾಕುವುದು, ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ವಸ್ತುವನ್ನು ಬೆಂಗಳೂರಲ್ಲಿ ಕೊಂಡಿದ್ದರೂ, ಆನ್‌ಲೈನ್‌ನಲ್ಲಿ ತರಿಸಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಹಾಗಾಗಿ ಪಾವಗಡದವರು ಕಂಪನಿ ಇರುವ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ. ಆನ್‌ಲೈನ್‌ನಲ್ಲಿ ‘ಇ-ಜಾಗೃತಿ’ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಹೋಗಬೇಕು. ಜೊತೆಗೆ ಬಿಲ್, ಆಫರ್ ಪೋಸ್ಟರಿನ ಫೋಟೋ, ಕಂಪನಿಗೆ ಬರೆದ ಪತ್ರ ಅಥವಾ ಮೆಸೇಜಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇರಲಿ.